ಒಂದನೇ ಕೋರ್ಟಿನ ಹುತ್ತದ ಮಣ್ಣು

ರೆಸಾರ್ಟಿನ ಸ್ವಾಗತ ಕೋಣೆಯಲ್ಲಿ ಒಂದು ಉದ್ದನೆಯ ಗೋಡೆಯಿದೆ. ಆ ಜಾಗದ ಚರಿತ್ರೆಯನ್ನೆಲ್ಲ ಫೋಟೋಗಳಲ್ಲೂ ಬರಹದಲ್ಲೂ ಅದರ ಮೇಲೆ ಹಾಕಿದ್ದಾರೆ. ಮೊದಲ ಸಲ ನೋಡಿದಾಗ ಹನ್ನೊಂದು ಫೋಟೋಗಳಲ್ಲಿ ಶಶಿಧರ ಇದ್ದ. ನಾನು ಎಣಿಸಿದ್ದೇನೆ. ನಾನಿರುವುದು ಒಂದೇ ಫೋಟೋದಲ್ಲಿ, ಅದರಲ್ಲೂ ಕಾಣುವುದು ನನ್ನ ಬೆನ್ನು ಮತ್ತು ಮಣ್ಣು ಗಟ್ಟಿ ಮಾಡುವ ರೋಲರ್. ಅವನು ಅಲ್ಲಿ ಕೆಲಸ ಮಾಡಿದ್ದು ಒಂದೂವರೆ ವರ್ಷ, ನಾನು ಆರು ವರ್ಷ.

ಕಳೆದ ಗಣೇಶನ ಹಬ್ಬದ ಊಟದಲ್ಲಿ ಒಬ್ಬ ಹುಡುಗಿ ಪಕ್ಕಕ್ಕೆ ಬಂದು ಕೂತು, "ಅಂಕಲ್, ನಾನು ಸ್ಪೋರ್ಟ್ಸ್ ಗ್ರೌಂಡ್ ಮೇಂಟೆನೆನ್ಸ್ ಓದ್ತಿದೀನಿ. ಆ ಕೆಲಸ ನಿಜವಾಗಿ ಹೇಗಿರತ್ತೆ?" ಎಂದು ಕೇಳಿದಳು. ಹೋಳಿಗೆ ತಿನ್ನುತ್ತಾ ಹೇಳಿ ಮುಗಿಸುವ ಸಂಗತಿಯಲ್ಲ, ಬರೆದು ಕೊಡುತ್ತೇನೆ ಅಂದೆ. ಬರೆಯಲು ಕೂತ ಮೇಲೆ ಗೊತ್ತಾಯಿತು, ಮಣ್ಣಿನ ಬಗ್ಗೆ ಬರೆಯಬೇಕಾದರೆ ಆ ಗೋಡೆಯ ಮೇಲಿದ್ದ ಒಂದು ತಪ್ಪು ಸಾಲಿನ ಬಗ್ಗೆಯೂ ಬರೆಯಬೇಕು. ಆ ಸಾಲು ಶಶಿಯ ಹೆಸರು ಕೆಡಿಸಿ ನನ್ನ ಹೆಸರು ಬೆಳಗಿಸಿತ್ತು.

ನಾನು ಮೈಸೂರಿನವನು, ಓದಿದ್ದು ಭೂವಿಜ್ಞಾನ. ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಗಣಿಗಳಲ್ಲಿ ಬಹಳ ವರ್ಷ ದುಡಿದೆ. 2013ರಲ್ಲಿ ಗಣಿಗಳು ಜನರನ್ನು ಕಳಿಸತೊಡಗಿದಾಗ ನನ್ನನ್ನೂ ಕಳಿಸಿದವು. ಆಗ ನಾವು ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ಹೆಂಡತಿ ವತ್ಸಲಾ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ದಿನಕ್ಕೆ ಮೂರು ಸಲ ನೀರು ಹಾಕಿ ಅದನ್ನು ಸಾಯಿಸುವ ಹಂತಕ್ಕೆ ತಂದಿದ್ದೆ. ಆಗಲೇ ಒಬ್ಬ ಹಳೆಯ ಸಹೋದ್ಯೋಗಿ ಹೇಳಿದ: ಮರುಭೂಮಿಯ ನಡುವೆ ಒಂದು ಟೆನಿಸ್ ರೆಸಾರ್ಟ್ ಇದೆ, ಅವರಿಗೆ ಮಣ್ಣು ಗೊತ್ತಿರುವವರು ಬೇಕಂತೆ.

ಆ ರೆಸಾರ್ಟಿನ ಹೆಸರು ಬರೆಯುವುದಿಲ್ಲ. ಅಲ್ಲಿಗೆ ಹೋಗುವವರಿಗೆ ಗುಟ್ಟೇ ಮುಖ್ಯ. ಪರ್ತ್‌ನಿಂದ ಸಣ್ಣ ವಿಮಾನದಲ್ಲಿ ಎರಡು ಗಂಟೆ, ಕೆಳಗೆ ಬರೀ ಕೆಂಪು ನೆಲ. ಮೊದಲು ಅದು ಕುರಿ ಸಾಕುವವರ ಜಾಗ. ಅದರ ಯಜಮಾನ ಅಡಿಲೇಡ್‌ನಿಂದ ಹೆಂಡತಿಯನ್ನು ಕರೆತಂದ. ಆಕೆ ಮದುವೆಗೆ ಮೊದಲು ಕ್ಲಬ್ಬಿನಲ್ಲಿ ಟೆನಿಸ್ ಆಡಿದವಳು. ಒಂದು ಬೇಸಿಗೆ ಕಳೆದ ಮೇಲೆ, ಇಲ್ಲೊಂದು ಅಂಗಳ ಮಾಡಿಸಿಕೊಟ್ಟರೆ ಇರುತ್ತೇನೆ, ಇಲ್ಲವಾದರೆ ಊರಿಗೆ ಹೋಗುತ್ತೇನೆ ಅಂದಳಂತೆ. ಸಿಮೆಂಟು ಇಲ್ಲ, ಹುಲ್ಲು ಬೆಳೆಯುವುದಿಲ್ಲ. ಗಂಡ ಸುತ್ತಲಿದ್ದ ಗೆದ್ದಲ ಹುತ್ತಗಳನ್ನು ಒಡೆಸಿ, ಪುಡಿ ಮಾಡಿಸಿ, ನೀರು ಚಿಮುಕಿಸಿ, ಕಬ್ಬಿಣದ ಪೀಪಾಯಿಗೆ ಕಲ್ಲು ತುಂಬಿ ಉರುಳಿಸಿದ. ಅದೇ ಒಂದನೇ ಕೋರ್ಟು.

ಆಮೇಲೊಮ್ಮೆ ಇಂಧನ ಮುಗಿದ ವಿಮಾನವೊಂದು ಅಲ್ಲಿ ಇಳಿಯಿತು. ಅದರಲ್ಲಿ ಹೆಸರುವಾಸಿ ಗಾಯಕಿಯೊಬ್ಬಳಿದ್ದಳು. ಇಂಧನ ಬರುವವರೆಗೆ ಮೂರು ದಿನ ಆಕೆ ಮನೆಯೊಡತಿಯ ಜತೆ ಟೆನಿಸ್ ಆಡಿದಳು. ಊರಿಗೆ ಹೋಗಿ, ಯಾರೂ ಫೋಟೋ ತೆಗೆಯದ, ಯಾರೂ ಗುರುತು ಹಿಡಿಯದ ಜಾಗವೊಂದಿದೆ ಎಂದು ತನ್ನವರಿಗೆಲ್ಲ ಹೇಳಿದಳು. ಮುಂದಿನ ವರ್ಷ ಸಿನಿಮಾದವರು ಬಂದರು. ಕುರಿಗಳು ಹೋದವು, ಕೋಣೆಗಳು ಎದ್ದವು, ಕೋರ್ಟುಗಳು ಎಂಟಾದವು. ನಾನು ಸೇರುವ ಹೊತ್ತಿಗೆ ಏಳು ಕೋರ್ಟುಗಳಿಗೆ ಬಣ್ಣದ ಅಕ್ರಿಲಿಕ್ ಹಾಸು ಬಂದಿತ್ತು. ಒಂದನೆಯದು ಮಾತ್ರ ಹುತ್ತದ ಮಣ್ಣಿನದಾಗಿಯೇ ಉಳಿದಿತ್ತು, ಬಂದವರೆಲ್ಲ ಆಡಲು ಬಯಸುತ್ತಿದ್ದುದೂ ಅದರಲ್ಲೇ.

ಒಡತಿ ಹೆಲೆನ್ ಆ ಟೆನಿಸ್ ಅಜ್ಜಿಯ ಮೊಮ್ಮಗಳು, ಇರುವುದು ಅಡಿಲೇಡ್‌ನಲ್ಲಿ. ನನ್ನ ಸಂದರ್ಶನಕ್ಕೆ ಪರ್ತ್‌ಗೆ ಬಂದಿದ್ದಳು. ಟೆನಿಸ್ ಬಗ್ಗೆ ಏನು ಗೊತ್ತು ಎಂದು ಕೇಳಿದಳು. ಏನೂ ಗೊತ್ತಿಲ್ಲ ಅಂದೆ. ಅಂಗಳದ ಮಣ್ಣಿನ ಬಗ್ಗೆ? ಆಗ ನಮ್ಮ ತಾತನ ಗರಡಿ ಮನೆಯ ಕತೆ ಹೇಳಿದೆ. ಕುಸ್ತಿಯ ಕೆಮ್ಮಣ್ಣನ್ನು ಜರಡಿ ಹಿಡಿದು, ಅರಿಶಿನ, ಮಜ್ಜಿಗೆ, ಎಣ್ಣೆ ಬೆರೆಸಿ ಹದ ಮಾಡುತ್ತಿದ್ದರು. ಬೆಳಗ್ಗೆ ಎದ್ದು ಆ ಮಣ್ಣಿಗೆ ಕೈ ಮುಗಿಯದೆ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ ಅಂದೆ. ಆಕೆ ಪೆನ್ನು ಕೆಳಗಿಟ್ಟು ಕೇಳಿದಳು. ಕೆಲಸ ಸಿಕ್ಕಿತು.

ಕಲಿಯಲು ನನ್ನನ್ನು ಬ್ರಿಸ್ಬೇನ್‌ಗೆ ಆರು ವಾರ ಕಳಿಸಿದರು. ಅಲ್ಲಿನ ಹಳೆಯ ಕ್ಲಬ್ಬೊಂದರಲ್ಲಿ ಕಾಲಿನ್ ಎಂಬ ಮುದುಕ ಹುತ್ತದ ಮಣ್ಣಿನ ಕೋರ್ಟುಗಳನ್ನು ನೋಡಿಕೊಳ್ಳುತ್ತಿದ್ದ. ಮೂರ್ತಿ ಎಂಬ ನನ್ನ ಹೆಸರು ಅವನ ಬಾಯಲ್ಲಿ ಮೊದಲ ದಿನವೇ ಮರ್ಫ್ ಆಯಿತು. ಒದ್ದೆ ಮಣ್ಣಿನ ಉಂಡೆ ಮಾಡಿ ಹೆಗಲ ಎತ್ತರದಿಂದ ಬಿಡುವುದನ್ನು ಅವನೇ ಕಲಿಸಿದ್ದು. ಎರಡು ಮೂರು ಚೂರಾದರೆ ಮಣ್ಣು ಒಳ್ಳೆಯದು, ಪುಡಿಯಾದರೆ ಎಸೆದುಬಿಡು. ಕೈಯಲ್ಲಿ ಹಿಡಿದಾಗ ಬಣ್ಣ ನೋಡು, ಬೂದಿಯ ಛಾಯೆ ಇದ್ದರೆ ಹತ್ತಿರವೂ ಹೋಗಬೇಡ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವನು ದಿನಕ್ಕೊಮ್ಮೆ ಹೇಳುತ್ತಿದ್ದ:

"ಮಣ್ಣನ್ನ ಯಾವಾಗ್ಲೂ ಜೀವ ಇರೋ ಹುತ್ತದಿಂದ ತಗೋಬೇಕು ಮರ್ಫ್. ಒಳಗೆ ಗೆದ್ದಲು ಓಡಾಡ್ತಿರಬೇಕು. ಅವುಗಳ ಎಂಜಲೇ ನಮ್ಮ ಅಂಟು. ಬಿಟ್ಟುಹೋದ ಹುತ್ತ ಮಳೆ ಬಿಸಿಲಿಗೆ ಸತ್ತಿರತ್ತೆ, ಅದು ಬರೀ ಧೂಳು."

ನಾನು ತಲೆಯಾಡಿಸಿದೆ. ಬ್ರಿಸ್ಬೇನ್‌ನಲ್ಲಿ ಪುಡಿ ಮಾಡಿದ ಮಣ್ಣೇ ಲಾರಿಯಲ್ಲಿ ಬರುತ್ತಿತ್ತು. ಹುತ್ತ ಒಡೆಯುವ ಪ್ರಸಂಗವೇ ಬರಲಿಲ್ಲ.

ಕೆಲಸಕ್ಕೆ ಬರುವವರು ಇದನ್ನು ತಿಳಿದಿರಿ: ಕೋರ್ಟಿನಲ್ಲಿ ಆಡಿದವರ ಹೆಸರು ಎಲ್ಲರಿಗೂ ನೆನಪಿರುತ್ತದೆ, ಕೋರ್ಟು ಮಾಡಿದವನ ಹೆಸರು ಯಾರಿಗೂ ಬೇಡ. ಬೆಳಗ್ಗೆ ನೀರು, ರೋಲರ್, ಗುಡಿಸುವುದು, ಗೆರೆ. ಸಂಜೆ ಮತ್ತೆ ಅದೇ. ಎರಡು ವಾರ ಮರುಭೂಮಿ, ಒಂದು ವಾರ ಮನೆ. ಒಬ್ಬ ಟಿವಿ ನಟಿ ತನ್ನ ಹೊಸ ಶೂಗೆ ಕೆಂಪು ಮಣ್ಣು ಹತ್ತದ ಹಾಗೆ ಏನಾದರೂ ಮಾಡಿ ಎಂದಳು. ನೀವು ನಾಲ್ಕನೇ ಕೋರ್ಟಿನಲ್ಲಿ ಆಡಿ ಎಂದೆ. ಟಿವಿಯಲ್ಲಿ ಅಡುಗೆ ಮಾಡುವ ಒಬ್ಬ ಮಹಾಶಯ, ಸೂರ್ಯ ಕಣ್ಣಿಗೆ ಬಡಿಯುತ್ತಾನೆ, ಕೋರ್ಟನ್ನು ಸ್ವಲ್ಪ ತಿರುಗಿಸಲಾಗುತ್ತದೆಯೇ ಎಂದು ಕೇಳಿದ. ತಮಾಷೆ ಇರಬೇಕೆಂದು ನಕ್ಕೆ. ಅವನು ನಗಲಿಲ್ಲ.

2014ರಲ್ಲಿ ಶಶಿಧರ ಬಂದ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಮೂವತ್ತೆರಡು ವರ್ಷ, ಕಂಪನಿಯೇ ಕೊಡಿಸಿದ ವೀಸಾ. ಕೆಲಸ ಇರುವವರೆಗೆ ದೇಶ, ಕೆಲಸ ಹೋದರೆ ಕೆಲವೇ ವಾರದಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹೆಂಡತಿ ದೀಪಾ ಪರ್ತ್‌ನ ಮೋರ್ಲಿಯ ದೊಡ್ಡ ಮಾಲ್‌ನಲ್ಲಿ ಬಟ್ಟೆ ಅಂಗಡಿಯೊಂದರಲ್ಲಿದ್ದಳು, ಅಲ್ಲೇ ಹತ್ತಿರ ಬಾಡಿಗೆ ಮನೆ. ಅವನ ಕೆಲಸ ಬುಕಿಂಗ್ ವ್ಯವಸ್ಥೆ ನೋಡಿಕೊಳ್ಳುವುದು. ಆದರೆ ಒಂದೇ ತಿಂಗಳಲ್ಲಿ ಅವನು ಎಲ್ಲರಿಗೂ ಬೇಕಾದವನಾದ. ಅತಿಥಿಗಳ ನಾಯಿಯ ಹೆಸರು ಅವನಿಗೆ ಗೊತ್ತು. ಯಾರಿಗೆ ಯಾವ ಚಹಾ, ಯಾರಿಗೆ ಎಡಗೈ ಆಟ, ಎಲ್ಲ ಗೊತ್ತು. ಟೆನಿಸ್ ಬೇರೆ ಚೆನ್ನಾಗಿ ಆಡುತ್ತಿದ್ದ. ಜೊತೆಗಾರರಿಲ್ಲದ ನಟರೆಲ್ಲ "ಶ್ಯಾಷ್ ಎಲ್ಲಿ?" ಎಂದು ಕೇಳುತ್ತಿದ್ದರು. ನಾನು ಬೆಳಗ್ಗೆ ಐದಕ್ಕೆ ಎದ್ದು ಹದ ಮಾಡಿದ ಕೋರ್ಟಿನ ಮೇಲೆ ಅವನು ಹತ್ತಕ್ಕೆ ಬಿಳಿ ಚಡ್ಡಿ ಹಾಕಿಕೊಂಡು ಆಡಿ, ನಟನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. "ಮೂರ್ತಿ ಸರ್, ಈ ಆರ್ವೋ ಫ್ರೀ ಇದೀರಾ? ಪುಳಿಯೋಗರೆ ಮಾಡಿದೀನಿ, ಬಂದ್ಬಿಡಿ" ಎಂದು ಮಧ್ಯಾಹ್ನದ ಊಟಕ್ಕೆ ಕರೆಯುತ್ತಿದ್ದ. ಪುಳಿಯೋಗರೆಯೂ ಚೆನ್ನಾಗಿರುತ್ತಿತ್ತು. ಮನೆಗೆ ಬಂದಾಗ ವತ್ಸಲಾ ಎದುರು ಅವನ ಬಗ್ಗೆ ಗೊಣಗಿದರೆ ಅವಳು, "ನಿಮಗೆ ಯಾಕ್ರೀ ಅಷ್ಟು ಹೊಟ್ಟೆಕಿಚ್ಚು? ಒಳ್ಳೇ ಹುಡುಗ" ಅನ್ನುತ್ತಿದ್ದಳು. ಮಗಳು ಅನು, "ಅಪ್ಪಾ, ಯು ಆರ್ ಸೋ ಜೆಲಸ್" ಎಂದು ನಗುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಒಮ್ಮೆ ಹೊಸ ರೋಲರ್ ಹಡಗಿನಲ್ಲಿ ಫ್ರೀಮ್ಯಾಂಟಲ್‌ಗೆ ಬಂದು ಕಾಗದಪತ್ರದ ತೊಡಕಿನಲ್ಲಿ ಸಿಕ್ಕಿಕೊಂಡಿತ್ತು. ನಾನು ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದೆ. ಮೂರನೇ ಸಲ ಶಶಿ ಜತೆಗೆ ಬಂದ. ಬಂದರಿನ ಕಚೇರಿಯಲ್ಲಿದ್ದ ಹೆಂಗಸಿನ ಜತೆ ಕಾಲು ಗಂಟೆ ಅವಳ ಮಗನ ಕ್ರಿಕೆಟ್ ಬಗ್ಗೆ ಮಾತಾಡಿದ. ರೋಲರ್ ಹೊರಗೆ ಬಂತು. ವಾಪಸು ಬರುವಾಗ ಕಾರಿನಲ್ಲಿ ಅವನಿಗೆ ಥ್ಯಾಂಕ್ಸ್ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಹೊತ್ತಿಗೆ ಅವನು ಹೆಲೆನ್‌ಳನ್ನು ಒಪ್ಪಿಸಿ ಒಂದನೇ ಕೋರ್ಟಿಗೆ ತಾನಾಗಿಯೇ ನೀರು ಚಿಮುಕಿಸುವ ಯಂತ್ರವನ್ನೂ ತರಿಸಿದ್ದ. ನಾನು ಕೈಯಲ್ಲಿ ಪೈಪು ಹಿಡಿದು ನೀರು ಹಾಕುವವನು. ಇನ್ನು ಮಣ್ಣಿಗೂ ಅವನೇ ಬೇಕಾಯಿತಲ್ಲ ಎಂದು ಒಳಗೊಳಗೇ ಕುದಿದೆ.

ಮರು ವರ್ಷ ಒಂದನೇ ಕೋರ್ಟಿನ ಮೇಲ್ಪದರ ಸವೆದು, ಹೊಸದು ಹಾಕಬೇಕಾಯಿತು. ಹುತ್ತ ಬೇಕು. ರೆಸಾರ್ಟಿನ ಹಿಂದೆಯೇ ನನ್ನ ಎದೆಯೆತ್ತರದ ಹುತ್ತಗಳು ಸಾಲಾಗಿದ್ದವು, ಎಲ್ಲದರಲ್ಲೂ ಜೀವ. ಮೊದಲನೆಯದರ ಮುಂದೆ ಗುದ್ದಲಿ ಹಿಡಿದು ನಿಂತೆ. ಕೈ ಏಳಲಿಲ್ಲ.

ನಗುವವರು ನಗಬಹುದು. ನಾನು ಕಲ್ಲು ಮಣ್ಣನ್ನು ಶಾಸ್ತ್ರವಾಗಿ ಓದಿದವನು, ಅಲ್ಲಿರುವುದು ಗೆದ್ದಲು ಎಂದು ಚೆನ್ನಾಗಿ ಗೊತ್ತು. ಆದರೆ ನನ್ನ ಅಮ್ಮ ಪ್ರತಿ ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆದು, ಅದರ ಮಣ್ಣನ್ನು ನನ್ನ ಕಿವಿಗೆ, ಬೆನ್ನಿಗೆ ಹಚ್ಚಿದವಳು. ಹುತ್ತಕ್ಕೆ ಕಾಲು ತಗುಲಿದರೂ ಕೆನ್ನೆ ಬಡಿದುಕೊಳ್ಳಬೇಕಿತ್ತು. ಮೂರು ದಿನ ಸುತ್ತಾಡಿ, ದೂರದಲ್ಲಿ ಗೆದ್ದಲು ಬಿಟ್ಟುಹೋಗಿದ್ದ ಹಳೆಯ ಹುತ್ತಗಳನ್ನು ಹುಡುಕಿದೆ. ಜೀವವಿಲ್ಲದ್ದನ್ನು ಒಡೆದರೆ ದೋಷವಿಲ್ಲ ಎಂದುಕೊಂಡೆ. ಅಡುಗೆ ಮನೆಯಿಂದ ಲೋಟದಲ್ಲಿ ಹಾಲು ತಂದು, ರೆಸಾರ್ಟಿನ ಹಿಂದಿದ್ದ ಜೀವಂತ ಹುತ್ತಕ್ಕೆ ಎರೆದು, ನಿನ್ನನ್ನು ಮುಟ್ಟುವುದಿಲ್ಲ ಎಂದು ಹೇಳಿ ಬಂದೆ. ಕಾಲಿನ್ ಹೇಳಿದ್ದನ್ನು ಮರೆತಿರಲಿಲ್ಲ. ಚೆನ್ನಾಗಿ ರೋಲ್ ಮಾಡಿದರೆ ನಿಲ್ಲುತ್ತದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಉಂಡೆ ಮಾಡಿ ಬೀಳಿಸಿ ನೋಡಲಿಲ್ಲ, ಏಕೆಂದರೆ ಏನಾಗುತ್ತದೆಂದು ಗೊತ್ತಿತ್ತು.

ಎರಡು ತಿಂಗಳು ಕೋರ್ಟು ನಿಂತಿತು. ಆಮೇಲೆ ಒಂದು ಬೆಳಗ್ಗೆ ಹೆಸರಾಂತ ನಟನೊಬ್ಬ ಆಡುತ್ತಿದ್ದಾಗ ಕೋರ್ಟಿನ ಹಿಂಬದಿಯ ಗೆರೆ ಬೇಸ್‌ಲೈನಿನ ಹತ್ತಿರ ಮೇಲ್ಪದರ ಚಪ್ಪಡಿಯಂತೆ ಜಾರಿತು. ಅವನು ಬಿದ್ದ, ಮಂಡಿ ತಿರುಚಿತು, ಮುಂದಿನ ಸಿನಿಮಾದ ಚಿತ್ರೀಕರಣ ಮುಂದಕ್ಕೆ ಹೋಯಿತು. ಮರುದಿನವೇ ಹೆಲೆನ್ ಅಡಿಲೇಡ್‌ನಿಂದ ಹಾರಿ ಬಂದಳು. ನಾವು ಮೂವರೂ ಒಂದನೇ ಕೋರ್ಟಿನ ಮೇಲೆ ನಿಂತೆವು. ನಾನು ಒಂದು ಹಿಡಿ ಮಣ್ಣು ಎತ್ತಿಕೊಂಡೆ. ಬೂದಿಯ ಛಾಯೆ.

ಹೆಲೆನ್ ಜಾರಿದ ಜಾಗ ನೋಡಿದಳು. ಅಲ್ಲಿ ಸ್ವಲ್ಪ ಒದ್ದೆಯಿತ್ತು. "ನೀರು ಜಾಸ್ತಿ ಆಗಿದೆಯಾ? ಹೊಸ ಯಂತ್ರದ್ದಾ?" ಎಂದು ನನ್ನನ್ನು ಕೇಳಿದಳು. ಶಶಿಯನ್ನಲ್ಲ, ನನ್ನನ್ನು. ಮಣ್ಣು ಗೊತ್ತಿರುವವನು ನಾನು. ಆ ಗಳಿಗೆಯಲ್ಲಿ ನನಗೆ ಭಯವೂ ಆಯಿತು, ಆದರೆ ಭಯ ಮಾತ್ರವಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಬಿಳಿ ಚಡ್ಡಿ ನೆನಪಾಯಿತು, ರೋಲರ್ ಬಿಡಿಸಿದ್ದು ನೆನಪಾಯಿತು, ನಟನ ಹೆಗಲ ಮೇಲಿನ ಕೈ ನೆನಪಾಯಿತು.

"ನೀರು ಹೆಚ್ಚಾಗಿರಬಹುದು" ಅಂದೆ.

ಶಶಿ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಮಣ್ಣನ್ನು ಕೆಳಗೆ ಬಿಟ್ಟು ಪ್ಯಾಂಟಿಗೆ ಕೈ ಒರೆಸಿಕೊಂಡೆ. ಅವನು, "ಯಂತ್ರ ನನ್ನ ಜವಾಬ್ದಾರಿ" ಎಂದಷ್ಟೇ ಹೇಳಿದ. ಎರಡು ದಿನದ ನಂತರದ ವಿಮಾನದಲ್ಲಿ ಅವನನ್ನು ಪರ್ತ್‌ಗೆ ಕಳಿಸಿದರು, ಮತ್ತೆ ಕರೆಸಲಿಲ್ಲ. ಕೆಲಸ ಹುಡುಕಲು ಕೆಲವೇ ವಾರಗಳಿದ್ದವು. ವೀಸಾ ಮುಗಿಯುವ ಕೊನೆಯ ವಾರದಲ್ಲಿ ಅಡಿಲೇಡ್‌ನ ನೀರಾವರಿ ಕಂಪನಿಯೊಂದು ಕರೆಯಿತು. ಮೋರ್ಲಿಯ ಮನೆ ಖಾಲಿ ಮಾಡುವಾಗ ವತ್ಸಲಾ ಹೋಗಿ ದೀಪಾಳ ಪಾತ್ರೆಪಗಡೆ ಕಟ್ಟಿಕೊಟ್ಟು ಬಂದಳು. ನಾನು ಮರುಭೂಮಿಯಲ್ಲಿ ಕೆಲಸವಿದೆ ಎಂದು ಹೋಗಲಿಲ್ಲ.

ಕೆಲಸವಂತೂ ಇತ್ತು. ಹೆಲೆನ್ ಕೋರ್ಟನ್ನು ಪೂರ್ತಿ ಮತ್ತೆ ಹಾಕಲು ಹೇಳಿದಳು. ಈ ಸಲ ಗುದ್ದಲಿ ಎತ್ತಿಕೊಂಡು ಹಿಂದಿನ ಹುತ್ತಕ್ಕೇ ಹೋದೆ, ಹಾಲೆರೆದದ್ದಕ್ಕೇ. ತಪ್ಪಾಯಿತು ಎಂದು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿ ಒಡೆದೆ. ಬಿಳಿ ಗೆದ್ದಲು ಸುರಿದವು. ಹೇಗಿದ್ದರೂ ಒಡೆದೆನಲ್ಲ, ಮೊದಲೇ ಒಡೆದಿದ್ದರೆ ಒಂದು ಸಂಸಾರ ಊರು ಬಿಡಬೇಕಿರಲಿಲ್ಲ. ಆ ಕೋರ್ಟು ಅದ್ಭುತವಾಗಿ ಬಂತು. ಚೆಂಡು ಪುಟಿಯುವ ಸದ್ದೇ ಬೇರೆಯಾಗಿತ್ತು. ಬಂದವರೆಲ್ಲ ಹೊಗಳಿದರು. ಆರು ವರ್ಷ ಕಾದ ಹೊಗಳಿಕೆ ಎಂದು ಬರೆಯುವ ಆಸೆಯಾಗುತ್ತದೆ, ಕಾದದ್ದು ಎರಡೇ ವರ್ಷ. ಸಿಕ್ಕಾಗ ರುಚಿಸಲಿಲ್ಲ.

2019ರಲ್ಲಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನವೇ ಹೆಲೆನ್ ಚರಿತ್ರೆಯ ಗೋಡೆಯ ಪರದೆ ಸರಿಸಿದಳು. ಹಳೆಯ ಕೆಲಸಗಾರರಿಗೆಲ್ಲ ಪತ್ರ ಬರೆದು ನೆನಪುಗಳನ್ನು ತರಿಸಿದ್ದಳಂತೆ. ಟೆನಿಸ್ ಅಜ್ಜಿ, ಪೀಪಾಯಿ, ಇಂಧನ ಮುಗಿದ ವಿಮಾನ, ಗಾಯಕಿ, ನಟರು, ಶಶಿ, ಶಶಿ, ಮತ್ತೆ ಶಶಿ. ಕೊನೆಯಲ್ಲಿ ಒಂದು ಸಾಲು: ನೀರಿನ ಯಂತ್ರದ ದೋಷದಿಂದ ಒಂದನೇ ಕೋರ್ಟು ಹಾಳಾಯಿತು, ಶಶಿಧರ ಅದರ ಹೊಣೆಗಾರನಾಗಿದ್ದ, ಕೋರ್ಟನ್ನು ಉಳಿಸಿದವರು ಮೂರ್ತಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೇಕ್ ತಿಂದೆ.

ಮನೆಗೆ ಬಂದು ವತ್ಸಲಾಗೆ ಎಲ್ಲ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ದೀಪಾ ಅಳ್ತಿದ್ಲು ಕಣ್ರೀ. ಯಂತ್ರ ಅಂದ್ಮೇಲೆ ಕೆಡತ್ತೆ, ನಿನ್ನ ಗಂಡನ ತಪ್ಪೇನಿಲ್ಲ ಅಂತ ನಾನು ಸಮಾಧಾನ ಬೇರೆ ಹೇಳಿದ್ದೆ. ನಾಲ್ಕು ವರ್ಷ ನನ್ ಹತ್ರಾನೂ ಮುಚ್ಚಿಟ್ರಾ?" ಅಂದಳು. ಅನು, "ಜಸ್ಟ್ ಕಾಲ್ ಹಿಮ್, ಅಪ್ಪಾ" ಅಂದಳು. "ಫೋನಲ್ಲಿ ಹೇಳೋ ಮಾತಲ್ಲ ಇದು. ಹೋಗಿ ಬನ್ನಿ" ಎಂದು ವತ್ಸಲಾ ಒಳಗೆ ಹೋದಳು.

ಅಡಿಲೇಡ್‌ನಲ್ಲಿ ಶಶಿಯ ಮನೆ ನಮ್ಮದಕ್ಕಿಂತ ದೊಡ್ಡದು. ಅವನದೇ ನೀರಾವರಿ ಕಂಪನಿಯಿದೆ, ಅಂಗಳದಲ್ಲಿ ಅದರ ಹೆಸರು ಬರೆದ ನಾಲ್ಕು ವ್ಯಾನುಗಳಿದ್ದವು. ಕ್ಷಮೆ ಕೇಳಲು ಹೋದವನು ಮೊದಲು ವ್ಯಾನು ಎಣಿಸಿದೆ. ಅವನು ಹಿತ್ತಲಲ್ಲಿ ಬಾರ್ಬಿ ಒಲೆ ಹಚ್ಚಿ ಮುಸುಕಿನ ಜೋಳ ಸುಡುತ್ತಿದ್ದ. ದೀಪಾ ನೀರು ಕೊಟ್ಟು ಒಳಗೆ ಹೋದಳು, ಕೂರಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಸತ್ತ ಹುತ್ತದ ಮಣ್ಣು, ಬೂದಿಯ ಛಾಯೆ, ಗೊತ್ತಿದ್ದೂ ಆಡಿದ ಮಾತು.

"ಗೊತ್ತು ಸರ್" ಅಂದ ಅವನು, ಜೋಳ ತಿರುಗಿಸುತ್ತಾ. "ಯಂತ್ರದ ಲೆಕ್ಕ ಎಲ್ಲ ಕಂಪ್ಯೂಟರಲ್ಲಿತ್ತು. ಆವತ್ತು ಬೆಳಗ್ಗೆ ಐದೇ ನಿಮಿಷ ನೀರು ಬಿಟ್ಟಿತ್ತು. ದಿನಾ ಬಿಡೋವಷ್ಟೇ."

"ಮತ್ತೆ ಯಾಕೆ ತೋರಿಸ್ಲಿಲ್ಲ?"

"ನೀವು ಹುತ್ತಕ್ಕೆ ಹಾಲು ಎರೀತಿದ್ದಿದ್ದು ಆಫೀಸಿನ ಕಿಟಕಿಯಿಂದ ನೋಡಿದ್ದೆ. ನಮ್ಮಮ್ಮ ನೆನಪಾದ್ರು. ಕೋರ್ಟ್ ಜಾರಿದ ತಕ್ಷಣ, ಆ ಹುತ್ತ ಒಡೆಯೋಕಾಗ್ದೆ ಬೇರೆ ಮಣ್ಣು ಹಾಕಿದೀರಾ ಅಂತ ಅರ್ಥ ಆಯ್ತು. ಅದನ್ನ ಹೆಲೆನ್‌ಗೆ ನಾನು ಹೇಳೋದಾ? ನಿಮ್ಮನ್ನ ನೋಡಿ ನಕ್ಬಿಡ್ತಿದ್ರು. ನೀವೇ ಹೇಳ್ತೀರಾ ಅಂತ ಅಂದ್ಕೊಂಡೆ. ವಿಮಾನ ಬರೋದಕ್ಕೆ ಎರಡು ದಿನ ಇತ್ತಲ್ಲ, ಕಾದೆ." ಒಂದು ಜೋಳ ನನ್ನ ಕೈಗಿಟ್ಟು, "ಆಮೇಲೆ ತುಂಬಾ ಕೋಪ ಬಂತು ಸರ್. ನಿಮ್ಮ ನಂಬರ್ ಅಳಿಸ್ಬಿಟ್ಟೆ. ಈಗಿಲ್ಲ. ದೀಪಾಗೆ ಇನ್ನೂ ಇದೆ" ಅಂದ.

ಅವನು ಕೊಟ್ಟ ಜೋಳ ತಿಂದೆ. ಆಗಲೂ ನನ್ನೊಳಗೆ ಎದ್ದದ್ದು ನಾಚಿಕೆಯೊಂದೇ ಅಲ್ಲ. ಎಲ್ಲ ಗೊತ್ತಿದ್ದೂ ಇನ್ನೊಬ್ಬರ ಮಾನಕ್ಕಾಗಿ ಬಾಯಿ ಮುಚ್ಚಿಕೊಂಡಿರಲು ಇವನಿಗೆ ಆಯಿತಲ್ಲ, ನನಗೆ ಆಗಲಿಲ್ಲವಲ್ಲ ಎಂಬ ಹೊಟ್ಟೆಯುರಿ.

ಮರುದಿನ ಹೆಲೆನ್ ಮನೆಗೆ ಹೋಗಿ, ಆ ಸಾಲು ತಪ್ಪು, ಬದಲಾಯಿಸಿ ಎಂದೆ. ಹುತ್ತ, ಹಾಲು, ಅಮ್ಮ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. ಸಂದರ್ಶನದ ದಿನದಂತೆಯೇ ಪೆನ್ನು ಕೆಳಗಿಟ್ಟು ಕೇಳಿದಳು. ಆಮೇಲೆ, "ಆ ಹುತ್ತ ಒಡೆಯಲಾರೆ ಅಂತ ಆವತ್ತೇ ಹೇಳಿದ್ದರೆ ಬ್ರಿಸ್ಬೇನ್‌ನಿಂದ ಲಾರಿಯಲ್ಲಿ ಮಣ್ಣು ತರಿಸುತ್ತಿದ್ದೆ" ಅಂದಳು. ನಾಲ್ಕು ವರ್ಷದಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ. ಆ ಪೆನ್ನನ್ನು ನನ್ನ ಕಡೆ ತಳ್ಳಿ, ಸರಿಯಾದ ಸಾಲನ್ನು ನೀವೇ ಬರೆಯಿರಿ ಎಂದಳು. ಬರೆದೆ: ಈ ಕೋರ್ಟಿಗೆ ಸತ್ತ ಹುತ್ತದ ಮಣ್ಣು ಹಾಕಿ ಹಾಳು ಮಾಡಿದವನು ಮೂರ್ತಿ, ಶಶಿಧರನ ಯಂತ್ರ ಸರಿಯಾಗಿತ್ತು, ಅದು ಗೊತ್ತಿದ್ದೂ ಮೂರ್ತಿ ಹೇಳಲಿಲ್ಲ.

ಹಬ್ಬದ ಊಟದಲ್ಲಿ ಕೇಳಿದ ಹುಡುಗಿಗೆ ನನ್ನ ಉತ್ತರ ಇಷ್ಟೇ. ನಿನ್ನ ಕೈಯಿಂದ ಆಗದ ಕೆಲಸವಿದ್ದರೆ, ಅದಕ್ಕೆ ಯಾವ ಕಾರಣವೇ ಇರಲಿ, ಆ ದಿನವೇ ಬಾಯಿಬಿಟ್ಟು ಹೇಳು. ಮಣ್ಣಿನ ಉಂಡೆ ಬೀಳಿಸಿ ನೋಡು, ಏನಾಗುತ್ತದೆಂದು ಗೊತ್ತಿದ್ದಾಗಲಂತೂ ತಪ್ಪದೆ ನೋಡು.

ಹೊಸ ಸಾಲು ಹಾಕಿದ ಮೇಲೆ ಹೆಲೆನ್ ಶಶಿಯನ್ನೂ ದೀಪಾಳನ್ನೂ ರೆಸಾರ್ಟಿಗೆ ಕರೆಸಿದಳಂತೆ. ಮಂಡಿ ತಿರುಚಿಕೊಂಡ ನಟನೂ ಬಂದಿದ್ದನಂತೆ. ಗೋಡೆಯ ಚಿತ್ರವನ್ನು ಅವಳು ನನಗೆ ಕಳಿಸಿದಳು. ನನ್ನ ಸಾಲಿನ ಪಕ್ಕದಲ್ಲೇ ಹನ್ನೆರಡನೆಯ ಫೋಟೋ: ಒಂದನೇ ಕೋರ್ಟಿನ ನಡುವೆ ಶಶಿ, ಬಿಳಿ ಚಡ್ಡಿ, ನಟನ ಹೆಗಲ ಮೇಲೆ ಕೈ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಕನ್ನಡಕ ಹಾಕಿಕೊಂಡು ಚಿತ್ರವನ್ನು ದೊಡ್ಡದು ಮಾಡಿ ಅವನ ಶೂಗಳ ಕೆಳಗಿನ ಮಣ್ಣನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಎಲ್ಲೂ ಒಂದು ಬಿರುಕೂ ಇರಲಿಲ್ಲ.